ಅವಳು ತಡ ಮಾಡಿರಲಿಲ್ಲ

ಮತದಾನದ ದಿನ ಬಂತೆಂದರೆ ಈಗಲೂ ಮುಂಜಾನೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಪಿಂಚಣಿಯ ಮೇಲೆ ಬದುಕುವವಳು ನಾನು. ಮತಗಟ್ಟೆಯ ಕೆಲಸಕ್ಕೆ ಯಾರೂ ಕರೆಯುವುದಿಲ್ಲ, ಯಾವ ಪಕ್ಷದವರೂ ನನ್ನ ಬಾಗಿಲಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ನನ್ನ ಜೊತೆಗಿರುವ ತಂಗಿಯ ಮಗಳು "ದೊಡ್ಡವ್ವಗ ಓಟಿನ ಜ್ವರ ಬಂತು ನೋಡ್ರಿ" ಎಂದು ನಗುತ್ತಾಳೆ. ನಗಲಿ. ಆ ಜ್ವರ ಎಲ್ಲಿಂದ ಹತ್ತಿತೆಂದು ಅವಳಿಗೆ ಗೊತ್ತಿಲ್ಲ, ನಾನು ಹೇಳಿಲ್ಲ. ಹೇಳಿದರೆ ನನ್ನ ಮೇಲೆ ಅವಳು ಇಟ್ಟುಕೊಂಡ ಗೌರವ ಅರ್ಧಕ್ಕಿಳಿಯುತ್ತದೆ ಎಂಬ ಅಂಜಿಕೆ ಇದೆ.

ಎಪ್ಪತ್ತರ ದಶಕದಲ್ಲಿ ನಾನು ಸವಣೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಶಿಕ್ಷಕಿಯಾಗಿದ್ದೆ. ಅಪ್ಪ ತೀರಿಕೊಂಡಿದ್ದರು. ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಮಂಡಿನೋವಿನ ಅವ್ವನನ್ನು ಕಟ್ಟಿಕೊಂಡು ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಇದ್ದೆ. ಆ ಓಣಿಯಲ್ಲಿ ಯಾರ ಮನೆ ಯಾವ ಪಕ್ಷ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತವರು "ಆ ಮನೀದು ಆರು ಓಟು, ಈ ಮನೀದು ಒಂಬತ್ತು" ಎಂದು ಬೆರಳು ಮಡಚಿ ಹೇಳುತ್ತಿದ್ದರು. ಆರು ಓಟಿನ ಮನೆಯಲ್ಲಿ ಮನಸ್ಸು ಒಂದೇ, ಯಜಮಾನನದು. ಉಳಿದ ಐವರು ಅದಕ್ಕೆ ಕೈ ಜೋಡಿಸಬೇಕು. ಅಡುಗೆಗೆ ಏನು ಮಾಡಬೇಕೆಂದು ಕೇಳುವ ಹಾಗೆಯೇ ಹೆಂಗಸರು ಮತಚೀಟಿಯಲ್ಲಿ ಸಿಕ್ಕಾ ಯಾವ ಚಿಹ್ನೆಗೆ ಒತ್ತಬೇಕೆಂದೂ ಕೇಳುತ್ತಿದ್ದರು. ಅಡುಗೆಯಲ್ಲಾದರೂ ಉಪ್ಪು ಹೆಚ್ಚು ಕಡಿಮೆ ಮಾಡುವ ಸ್ವಾತಂತ್ರ್ಯ ಇತ್ತು.

ಆದರೆ ಓಟಿನ ದಿನ ಅವರೆಲ್ಲ ಸಾಲುಗಟ್ಟಿ ಬರುತ್ತಿದ್ದರು. ಬಾಣಂತಿಯರು ತಲೆಗೆ ಕಟ್ಟಿಕೊಂಡು, ಮುದುಕಿಯರು ಮೊಮ್ಮಕ್ಕಳ ಹೆಗಲು ಹಿಡಿದು, ಮುಸಲ್ಮಾನರ ಮನೆಯವರು ಬುರ್ಖಾದಲ್ಲಿ, ನಮ್ಮವರು ಹಣೆಯವರೆಗೆ ಸೆರಗು ಎಳೆದುಕೊಂಡು. ಹೊರಗಿನಿಂದ ಬಂದ ಅಧಿಕಾರಿಗಳು ಈ ಊರಿನ ಹೆಂಗಸರಿಗೆ ಎಷ್ಟು ತಿಳಿವಳಿಕೆ ಎಂದು ಹೊಗಳುತ್ತಿದ್ದರು. ಅವರ ಜೊತೆಗೆ ನಾನೂ ಹೊಗಳುತ್ತಿದ್ದೆ. ಶಾಲೆಯ ಮಕ್ಕಳನ್ನು ಸಾಲು ನಿಲ್ಲಿಸಿ, ಮತದಾನ ಮಾಡಿರಿ ಎಂದು ಕೂಗಿಸುತ್ತಾ ಓಣಿ ಓಣಿ ತಿರುಗಿದವಳು ನಾನು. ನನ್ನ ಮತಗಟ್ಟೆಯಲ್ಲಿ ತಾಲೂಕಿನಲ್ಲೇ ಹೆಚ್ಚು ಓಟು ಬೀಳಬೇಕು ಎಂಬ ಹುಚ್ಚು ನನಗಿತ್ತು. ಯಾರ ಮನಸ್ಸಿನ ಓಟು ಬಿತ್ತು ಎಂದು ಯೋಚಿಸುವಷ್ಟು ಬುದ್ಧಿ ಇರಲಿಲ್ಲ.

ನಮ್ಮ ಗೋಡೆಗೆ ಹತ್ತಿಕೊಂಡ ಮನೆ ಎಲೆ ವ್ಯಾಪಾರಿಯೊಬ್ಬರದು. ಎಲೆಬಳ್ಳಿಯ ತೋಟವಿತ್ತು, ಪುರಸಭೆಯಲ್ಲಿ ಮಾತು ನಡೆಯುತ್ತಿತ್ತು. ಅವರ ಹೆಂಡತಿ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಹಿತ್ತಲ ಗೋಡೆಯ ಮೇಲಿಂದ ಮಜ್ಜಿಗೆ ಕೊಡುತ್ತಿದ್ದಳು, ನಾನು ಇಳಿಸಿಕೊಂಡು ಸೊಪ್ಪು ಕೊಡುತ್ತಿದ್ದೆ. ನನ್ನನ್ನು ಅಕ್ಕೋರ ಎನ್ನುತ್ತಿದ್ದಳು, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ಬಾಯಿ ತುಂಬ ನಗುವ ಹೆಣ್ಣು. ಎಂಟು ವರ್ಷ ಕಳೆದರೂ ಮಕ್ಕಳಾಗಲಿಲ್ಲ ಎಂದು ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ತಂದಳು. ಮದುವೆ ಎಂದರೆ ಮದುವೆಯೂ ಅಲ್ಲ. ಮನೆದೇವರ ಗುಡಿಯಲ್ಲಿ ತಾಳಿ ಕಟ್ಟಿಸಿ ಕರೆದುಕೊಂಡು ಬಂದರು. ಹೊಸಬಳು ಬಂದ ಮೂರನೆಯ ದಿನ ಇವಳು ಟ್ರಂಕು ಕಟ್ಟಿದಳು.

"ಒಂದ ಒಲಿ ಇಬ್ಬರು ಊದಾಕ ಆಗೂದಿಲ್ರಿ ಅಕ್ಕೋರ," ಎಂದಳು. "ಅಣ್ಣನ ಮನಿಗೆ ಹೊಂಟೇನಿ."

ಅಣ್ಣನ ಮನೆ ಹುಲಗೂರಿನಲ್ಲಿತ್ತು. ಬಸ್ಸಿಗೆ ಕೂತರೆ ದೂರವೇನಲ್ಲ. ಆದರೂ ಅವಳು ಹೋದ ಮೇಲೆ ಹಿತ್ತಲ ಗೋಡೆಯ ಹತ್ತಿರ ನಾನು ಹೋಗುವುದನ್ನೇ ಬಿಟ್ಟೆ. ಹೊಸಬಳ ಮೇಲೆ ನನಗೆ ಸಿಟ್ಟಿರಲಿಲ್ಲ. ಇನ್ನೂ ಹುಡುಗಿ, ಇಪ್ಪತ್ತೊಂದು ತುಂಬಿತ್ತೋ ಇಲ್ಲವೋ. ಆ ಮನೆಯ ಯಜಮಾನರ ಮೇಲೆ ಸಿಟ್ಟು ಮಾಡಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದರ ಹಿಂದಿನ ವರ್ಷ ನನ್ನನ್ನು ಹಿರೇಕೆರೂರು ತಾಲೂಕಿನ ಅಂಚಿನ ಹಳ್ಳಿಯೊಂದಕ್ಕೆ ವರ್ಗ ಮಾಡಿದ್ದರು. ನಡೆಯಲು ಬಾರದ ಅವ್ವನನ್ನು ಕಟ್ಟಿಕೊಂಡು ಅಲ್ಲಿ ಹೇಗೆ ಇರಲಿ ಎಂದು ನಾನು ಅಳುತ್ತಾ ಕುಳಿತಾಗ ಈ ಮನುಷ್ಯ ಧಾರವಾಡಕ್ಕೆ ಹೋಗಿ ಯಾರನ್ನೋ ಕಂಡು ವರ್ಗ ರದ್ದು ಮಾಡಿಸಿಕೊಂಡು ಬಂದಿದ್ದರು. ಬಂದು ಕಟ್ಟೆಯ ಮೇಲೆ ನಿಂತು "ಅಕ್ಕೋರ, ನಿಶ್ಚಿಂತಿಲೆ ಇರ್ರಿ" ಎಂದಷ್ಟೇ ಹೇಳಿ ಹೋದರು. ಒಂದು ಲೋಟ ಚಹಾ ಕೂಡ ಕುಡಿಯಲಿಲ್ಲ. ಅಂಥ ಉಪಕಾರ ಮನುಷ್ಯನ ನಾಲಿಗೆಗೆ ಗಂಟು ಹಾಕುತ್ತದೆ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ವಿಧಾನಸಭೆಗೆ ಚುನಾವಣೆ ಬಂತು. ಹಳೆಯ ಪಕ್ಷವೇ ಒಡೆದು ಎರಡಾಗಿದ್ದರಿಂದ ಒಂದೇ ಕಟ್ಟೆಯ ಮೇಲೆ ಕೂರುತ್ತಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ಕಟ್ಟೆ ಹುಡುಕಿಕೊಂಡರು. ಗಡ್ಡ ಕೆರೆಸಿಕೊಳ್ಳಲು ಕುಳಿತವನೊಬ್ಬ ಮಾತಿಗೆ ಮಾತು ಬೆಳೆದು ಅರ್ಧ ಗಡ್ಡದಲ್ಲೇ ಎದ್ದು ಹೋಗಿದ್ದನ್ನು ಊರೆಲ್ಲ ಹೇಳಿಕೊಂಡು ನಕ್ಕಿತು. ಓಟು ಒಂದೊಂದೂ ಎರಡೂ ಕಡೆಯವರಿಗೆ ಬೇಕಾಗಿತ್ತು.

ಆ ಚುನಾವಣೆಗೆ ತಿಂಗಳಿರುವಾಗ ಅವ್ವನ ಮಂಡಿನೋವಿನ ಹರಕೆ ತೀರಿಸಲು ಅವ್ವನೊಂದಿಗೆ ಹುಲಗೂರಿನ ದರ್ಗಾಕ್ಕೆ ಹೋದೆ. ಅಲ್ಲಿ ನೀರಿನ ಕೊಡ ಹೊತ್ತು ಬರುತ್ತಿದ್ದ ಅವಳು ಸಿಕ್ಕಳು. ಸೊರಗಿದ್ದಳು. ಕೊಡ ಇಳಿಸಿ ಅವ್ವನ ಕಾಲು ಮುಟ್ಟಿದಳು, ಮನೆಯ ಸುದ್ದಿ ಏನನ್ನೂ ಕೇಳಲಿಲ್ಲ. ನಾನೇ ಬಾಯಿ ತಡೆಯಲಾರದೆ ಹೇಳಿದೆ:

"ನಿನ್ನ ಹೆಸರು ಇನ್ನೂ ನಮ್ಮ ಓಟಿನ ಯಾದ್ಯಾಗ ಐತಿ. ನಾನ ನೋಡೇನಿ. ಅವರ ಹೆಸರಿನ ಕೆಳಗ, ಅವರ ಹೆಂಡತಿ ಅಂತ."

"ಸರಕಾರದಾಗ ಇನ್ನೂ ಅದೇನಿ ಅನ್ರಿ," ಎಂದು ನಕ್ಕಳು. ಆ ನಗು ಹಳೆಯದೇ. "ಇಲ್ಲೀತನಾ ಅವರು ತೋರಿಸಿದ್ದಕ್ಕ ಸಿಕ್ಕಾ ಒತ್ತೇನಿ. ಈ ಸಲಾ ಅವರು ಯಾವ ಕಡೆ ಅದಾರ ಹೇಳ್ರಿ ಅಕ್ಕೋರ, ನಾ ಎದುರಿನವರಿಗೆ ಒತ್ತತೇನಿ."

"ಓಟು ಗುಪ್ತ ಇರಬೇಕು, ಹಂಗೆಲ್ಲಾ ನನಗ ಹೇಳಬ್ಯಾಡ," ಎಂದೆ ಶಾಲೆಯ ದನಿಯಲ್ಲಿ.

"ನಿಮಗ ಹೇಳಿದ್ರ ಏನಾಕ್ಕೈತ್ರಿ. ಒಂದ ಒಂದು ಸಲಾ ನನ್ನ ಮನಸಿಗೆ ಬಂದಂಗ ಒತ್ತತೇನಿ. ಅವರಿಗೆ ಗೊತ್ತಾಗದಿದ್ರೂ ಅಡ್ಡಿ ಇಲ್ಲ, ನನಗ ಗೊತ್ತಿರ್ತೈತಲ್ಲ."

ಬಾ ಎಂದೆ. ಬಂದೇ ಬರಬೇಕು ಎಂದೆ. ಯಾದಿಯಲ್ಲಿನ ನಂಬರನ್ನೂ ಹೇಳಿದೆ. ಅವಳು ಅದನ್ನು ಎರಡು ಸಲ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿ ಕೊಡ ಎತ್ತಿಕೊಂಡು ಹೋದಳು.

ಮತಗಟ್ಟೆಗೆ ಸಾಮಾನ್ಯವಾಗಿ ಬೇರೆ ತಾಲೂಕಿನವರನ್ನೇ ಹಾಕುತ್ತಾರೆ. ನಮ್ಮ ಮೇಲಿನ ಸಾಹೇಬರು ಹಿರೇಕೆರೂರಿನವರು. ಯಾದಿ ನೋಡಿ ಹೆಸರು ಓದುವವರು ಹಾನಗಲ್ಲಿನ ಮಾಸ್ತರರು, ದಪ್ಪ ಕನ್ನಡಕದ ಸಾಧು ಮನುಷ್ಯ. ನಾನೊಬ್ಬಳೇ ಊರಿನವಳು. ಅದಕ್ಕೆ ಕಾರಣವಿತ್ತು. ಅದು ಹೆಂಗಸರ ಮತಗಟ್ಟೆ. ಬುರ್ಖಾದೊಳಗಿನ, ಸೆರಗಿನೊಳಗಿನ ಮುಖ ನೋಡಲು ಹೆಂಗಸೇ ಬೇಕು, ಆ ಮುಖಗಳ ಗುರುತು ಇರುವ ಹೆಂಗಸೇ ಬೇಕು. ಮುಖ ನೋಡಿ ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನು ಯಾವ ನೆಪ ಹೇಳಿದರೂ ನೀವು ನಂಬಬಾರದು.

ಎರಡೂ ಕಡೆಯ ಏಜೆಂಟರು ಬೆಂಚಿನ ಮೇಲೆ ಕುಳಿತಿದ್ದರು. ಊರ ತುಂಬ ಬಡಿದಾಡಿದವರು ಇಲ್ಲಿ ಬೆಳಿಗ್ಗೆ ಚಹಾ ಕುಡಿಯುತ್ತಾ ಒಂದು ಮಾತು ಮಾಡಿಕೊಂಡರು. ಹೆಣ್ಣುಮಕ್ಕಳ ಓಟಿಗೆ ಯಾರೂ ತಕರಾರು ಎತ್ತಬಾರದು, ಸೆರಗು ತೆಗಿ, ಹೆಸರು ಹೇಳು ಎಂದು ಮರ್ಯಾದೆಯ ಮನೆಯವರನ್ನು ಕಾಡಬಾರದು. ಇದು ನಮ್ಮ ಊರಿನ ರಿವಾಜು. ಕೇಳಲು ಎಷ್ಟು ಚೆಂದ. ಹಾಗೆ ಮಾಡಿದರೆ ತಮ್ಮ ತಮ್ಮ ಕಡೆಯ ಎರಡು ಮೂರು ಕಳ್ಳ ಓಟು ಸಲೀಸಾಗಿ ದಾಟುತ್ತವೆ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಗಂಡನ ಹೆಸರು ಕೇಳಿದರೆ ನಮ್ಮ ಹೆಂಗಸರು ಬಾಯಿ ಬಿಡುವುದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯ ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. ಹಾಗಾಗಿ ಅವರು ತಂದ ಚೀಟಿಯ ನಂಬರು ನೋಡಿ ಮಾಸ್ತರರೇ ಇಂಥವಳು, ಇಂಥವನ ಹೆಂಡತಿ ಎಂದು ಓದುತ್ತಿದ್ದರು, ಹೆಂಗಸು ತಲೆ ಅಲ್ಲಾಡಿಸುತ್ತಿದ್ದಳು.

ಹತ್ತು ಗಂಟೆಯ ಸುಮಾರಿಗೆ ಪಕ್ಕದ ಮನೆಯ ಅತ್ತೆ ಬಂದಳು, ಜೊತೆಗೆ ಹೊಸ ಸೊಸೆ. ಹೊರಗೆ ಮೇಜು ಹಾಕಿಕೊಂಡು ಕುಳಿತ ಪಕ್ಷದವರು ಬರೆದುಕೊಟ್ಟ ಚೀಟಿ ಹುಡುಗಿಯ ಕೈಯಲ್ಲಿತ್ತು. ಯಜಮಾನರು ಹೆಂಡತಿಯ ಚೀಟಿ ಕೊಡ್ರಿ ಎಂದಿರಬೇಕು, ಅವರು ಹೆಂಡತಿಯ ಚೀಟಿ ಕೊಟ್ಟಿದ್ದಾರೆ. ಮಾಸ್ತರರು ಓದಿದರು. ನಾನು ದರ್ಗಾದ ಹತ್ತಿರ ಬಾಯಿಪಾಠ ಮಾಡಿಸಿದ ನಂಬರು ಅದು. ಅವಳ ಹೆಸರು, ಅವಳ ಗಂಡನ ಹೆಸರು. ಹುಡುಗಿ ತಲೆ ಅಲ್ಲಾಡಿಸಿದಳು.

ಎದುರು ಕಡೆಯ ಏಜೆಂಟನಿಗೆ ಗೊತ್ತಿತ್ತು. ಅವನು ಜಂತಿ ಎಣಿಸುವವನ ಹಾಗೆ ಮಾಡು ನೋಡಿದ. ಈ ಕಡೆಯ ಏಜೆಂಟ ಯಜಮಾನರ ಚಿಕ್ಕಪ್ಪನ ಮಗ, ಅವನಿಗೆ ಗೊತ್ತಿರದೆ ಇರುತ್ತದೆಯೇ. ಹುಡುಗಿ ನನ್ನ ಮುಂದೆ ಬಂದು ಎಡಗೈ ಚಾಚಿದಳು. ಹಸಿರು ಬಳೆ, ಬೆವೆತ ಅಂಗೈ. ಸೆರಗಿನ ಒಳಗಿನಿಂದ ಅವಳು ನನ್ನನ್ನು ನೋಡಿದಳು. ಅವಳಿಗೆ ಚೀಟಿಯ ಮೇಲಿನ ಹೆಸರು ಓದಲು ಬಾರದಿದ್ದರೂ, ಈಗಷ್ಟೇ ಕೇಳಿದ ಹೆಸರು ತನ್ನದಲ್ಲ ಎಂದು ತಿಳಿಯದೆ ಇರಲಿಲ್ಲ. ಹಿಂದಿನಿಂದ ಅತ್ತೆ ಹೇಳಿದಳು, "ನಮ್ಮ ಸೊಸಿರಿ ಅಕ್ಕೋರ."

ಅದು ಸುಳ್ಳಲ್ಲ. ಆ ಕ್ಷಣ ನಾನು ಹಿಡಿದುಕೊಂಡದ್ದು ಅದನ್ನೇ, ಅವಳು ಹೇಳಿದ್ದು ಸುಳ್ಳಲ್ಲವಲ್ಲ ಎಂದು. ಇನ್ನೂ ಏನೇನೋ ತಲೆಯಲ್ಲಿ ಓಡಿತು. ಹುಲಗೂರಿನಿಂದ ಅವಳು ಬರುವುದಿಲ್ಲ, ಅಣ್ಣ ಕಳಿಸುವುದಿಲ್ಲ, ಬಾರದವಳ ಓಟು ಹಾಳಾಗುವ ಬದಲು ಬೀಳಲಿ, ನಮ್ಮ ಮತಗಟ್ಟೆಗೆ ಒಂದು ಓಟು ಹೆಚ್ಚಾಯಿತು. ಧಾರವಾಡಕ್ಕೆ ಹೋಗಿ ಬಂದವರ ಮುಖವೂ ಕಣ್ಣ ಮುಂದೆ ಬಂತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಮಕ್ಕಳಿಗೆ ಕಾಪಿ ಬರೆಸುತ್ತಿದ್ದೆನಲ್ಲ, ಅವತ್ತು ನಾನೇ ಅದನ್ನು ಪಾಲಿಸಿದೆ. ಕಡ್ಡಿ ಅದ್ದಿ ಬೆರಳಿಗೆ ಶಾಯಿ ಹಚ್ಚಿದೆ. ಹುಡುಗಿ ಪರದೆಯ ಹಿಂದೆ ಹೋಗಿ ಸಿಕ್ಕಾ ಒತ್ತಿ ಬಂದಳು. ಎಲ್ಲ ಸೇರಿ ಎರಡು ನಿಮಿಷ ಹಿಡಿಯಿತೋ ಇಲ್ಲವೋ.

ಮತದಾನ ಮುಗಿಯಲು ಇನ್ನು ಅರ್ಧ ಗಂಟೆ ಇರುವಾಗ ಅವಳು ಬಂದಳು.

ಎತ್ತಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು, ಮಡಿಕೆಯ ಗೆರೆ ಹಾಗೇ ಇತ್ತು. ಕಾಲು ಧೂಳಾಗಿತ್ತು. ಬಾಗಿಲಲ್ಲಿ ನನ್ನನ್ನು ಕಂಡು ನಕ್ಕಳು. ಅವಳು ಚೀಟಿ ತಂದಿರಲಿಲ್ಲ, ನಂಬರನ್ನು ಬಾಯಲ್ಲೇ ಹೇಳಿದಳು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಹುಡುಕಿದರು. ಆ ಹೆಸರಿನ ಕೆಳಗೆ ಬೆಳಿಗ್ಗೆ ಅವರೇ ಎಳೆದ ಗೆರೆ ಇತ್ತು.

"ಈ ಓಟು ಆಗೈತಲ್ಲವಾ," ಎಂದರು ಮಾಸ್ತರರು.

"ಇಲ್ರಿ, ನಾ ಈಗ ಬಂದೇನಿ."

"ಯಾರೋ ಹಾಕಿ ಹೋಗ್ಯಾರ. ಗೆರಿ ಎಳದೈತಿ ನೋಡು."

ಅವಳು ತನ್ನ ಎಡಗೈ ತಿರುಗಿಸಿ ತಿರುಗಿಸಿ ತೋರಿಸಿದಳು. "ನೋಡ್ರಿ, ಶಾಯಿ ಇಲ್ಲ. ನಾ ಹಾಕಿಲ್ರಿ."

ಸಾಹೇಬರು ಎದ್ದು ಬಂದರು. ಒಳ್ಳೆಯ ಮನುಷ್ಯ, ಕಾನೂನು ತಿಳಿದವರು. ಇಂಥ ಹೊತ್ತಿಗೆ ಬೇರೆ ಮತಚೀಟಿ ಕೊಡಲು ಬರುತ್ತದೆ, ಅದನ್ನು ಪೆಟ್ಟಿಗೆಗೆ ಹಾಕದೆ ಲಕೋಟೆಯಲ್ಲಿ ಇಡುತ್ತಾರೆ, ಎಣಿಸುವುದಿಲ್ಲ, ಆದರೆ ದಾಖಲೆಯಲ್ಲಿ ಉಳಿಯುತ್ತದೆ ಎಂದು ಅವಳಿಗೆ ತಿಳಿಸಿ ಹೇಳಿದರು. "ಆದರ ನೀನ ಆಕಿ ಅಂತ ಗುರುತು ಹೇಳೋರು ಒಬ್ಬರು ಬೇಕವಾ. ಯಾರರ ಅದಾರೇನು?"

ಅವಳು ಬೆಂಚಿನ ಕಡೆ ನೋಡಿದಳು. ಮೈದುನನಾಗಬೇಕಾದ ಏಜೆಂಟ ಬೀಡಿ ಹುಡುಕುವ ನೆಪದಲ್ಲಿ ಜೇಬು ತಡಕಾಡಿದ. ಎದುರು ಕಡೆಯವನು ಬೆಳಿಗ್ಗೆಯ ಕರಾರಿಗೆ ಬದ್ಧನಾಗಿ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಹಾಕಬೇಕೆಂದಿದ್ದ ಓಟು ಅವನ ಕಡೆಯದೇ ಎಂದು ಆ ಮೂಢನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಆಗ ಅವಳು ಗಂಡನ ಹೆಸರು ಹೇಳಿದಳು. ಒಡಪಿಲ್ಲ, ನಾಚಿಕೆಯಿಲ್ಲ. ಗಂಡನ ಹೆಸರು, ಅವನ ಅಪ್ಪನ ಹೆಸರು, ಮನೆತನದ ಅಡ್ಡಹೆಸರು, ಒಂದೊಂದಾಗಿ, ಗಟ್ಟಿಯಾಗಿ. ಸಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. "ಅವರ ಹೆಂಡತಿ ನಾನು. ಹೆಸರು ಹೇಳಿದೆನಲ್ರಿ, ಇನ್ನೇನ ಹೇಳ್ಬೇಕು?" ಎಂದಳು.

"ಹೆಸರು ಯಾರ ಬೇಕಾದರೂ ಹೇಳಬಹುದವಾ," ಎಂದರು ಸಾಹೇಬರು, ಬೇಸರದಿಂದಲೇ. ಆಮೇಲೆ ನನ್ನ ಕಡೆ ತಿರುಗಿದರು. "ಬಾಯಾರ, ನೀವು ಇದ ಊರಾವರು. ಈಕಿ ಗುರುತು ಐತೇನ್ರಿ ನಿಮಗ?"

ಐತ್ರಿ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಇವಳ ಗುರುತಿದೆ ಎಂದರೆ ಬೆಳಿಗ್ಗೆ ಬಂದವಳ ಗುರುತೂ ಇತ್ತು ಎಂದಾಗುತ್ತದೆ. ಗುರುತಿದ್ದೂ ಶಾಯಿ ಹಚ್ಚಿದೆ ಎಂದಾಗುತ್ತದೆ. ನೌಕರಿ ಹೋಗುತ್ತದೆ, ಇಲ್ಲವೇ ಹಿರೇಕೆರೂರಿನ ಆ ಹಳ್ಳಿ ಮತ್ತೆ ಬರುತ್ತದೆ.

"ಗುರುತು ಹೇಳೂದು ಏಜೆಂಟರ ಕೆಲಸರಿ ಸಾಹೇಬ್ರ," ಎಂದೆ. "ಕೆಲಸದ ಮ್ಯಾಲ ಕುಂತು ನಾ ಹೇಳಾಕ ಬರೂದಿಲ್ಲ."

ಅಂಥ ಕಾನೂನು ಇರಲಿಲ್ಲ. ಸಾಹೇಬರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಗಡಿಯಾರ ನೋಡಿದರು. ಹೊರಗೆ ಇನ್ನೂ ಹತ್ತಿಪ್ಪತ್ತು ಹೆಂಗಸರು ನಿಂತಿದ್ದರು. "ಹಂಗಿದ್ರ ಏನೂ ಮಾಡಾಕ ಬರೂದಿಲ್ಲವಾ, ನೀ ಹೋಗು," ಎಂದರು.

ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಮೇಜಿನ ಹತ್ತಿರ ನಿಂತು ಮೆಲ್ಲಗೆ ಹೇಳಿದಳು: "ನೀವರ ಏನ ಮಾಡ್ತೀರಿ ಅಕ್ಕೋರ, ನಿಮ್ಮ ಕಟ್ಟಳಿ ನಿಮಗ. ನಂದ ತಪ್ಪು. ಜ್ವಾಳ ಕೀಳೋ ಆಳಿಗೆ ಬುತ್ತಿ ಕಟ್ಟಿ ಬರೂದರಾಗ ತಡಾ ಮಾಡಿದೆ. ಮುಂಜಾನೆ ಬಂದಿದ್ರ ಸಿಗತಿತ್ತು."

ಹೌದೆಂದು ನಾನು ತಲೆ ಅಲ್ಲಾಡಿಸಿದೆ. ಅವತ್ತಿನ ಎಲ್ಲ ತಪ್ಪುಗಳಲ್ಲಿ ನನ್ನನ್ನು ಹೆಚ್ಚು ಚುಚ್ಚುವುದು ಇದು. ಬೆಳಿಗ್ಗೆ ಮಾಡಿದ್ದಕ್ಕೆ ಅಂಜಿಕೆ ಕಾರಣ ಎನ್ನಬಹುದು. ಸುಮ್ಮನೆ ಅವಳ ಮಾತಿಗೆ ತಲೆ ಅಲ್ಲಾಡಿಸಿದ್ದಕ್ಕೆ ಯಾವ ಕಾರಣವೂ ಇಲ್ಲ. ತಪ್ಪು ಹೊರಲು ಅವಳು ತಾನಾಗಿ ಹೆಗಲು ಕೊಟ್ಟಳು, ನಾನು ಹೊರಿಸಿದೆ. ತನ್ನ ಓಟು ಹಾಕಿದವರು ಯಾರೆಂದು ಅವಳಿಗೆ ನಿಜವಾಗಿ ಹೊಳೆಯಲಿಲ್ಲವೋ, ಹೊಳೆದರೂ ಬಾಯಿ ಬಿಡಲಿಲ್ಲವೋ ನನಗೆ ಗೊತ್ತಿಲ್ಲ.

ಸಂಜೆ ಎಲ್ಲ ಕೂಡಿಸಿ ನೋಡಿದಾಗ ನಮ್ಮ ಮತಗಟ್ಟೆಯಲ್ಲಿ ಬಿದ್ದಷ್ಟು ಓಟು ತಾಲೂಕಿನಲ್ಲಿ ಬೇರೆಲ್ಲೂ ಬಿದ್ದಿರಲಿಲ್ಲ. ಹಾನಗಲ್ಲಿನ ಮಾಸ್ತರರು ನನಗೆ ಶಾಭಾಸ್ ಎಂದರು. ಸಾಹೇಬರು ನನ್ನ ಕಡೆ ನೋಡದೆ ಕಾಗದಗಳಿಗೆ ಅರಗು ಹಾಕಿದರು. ಮರುದಿನ ಪಕ್ಕದ ಮನೆಯಿಂದ ಒಂದು ಕಟ್ಟು ಎಳೆಯ ಎಲೆ ಬಂತು. ಅವ್ವ ಒಂದೊಂದೇ ಎಲೆ ಒರೆಸಿ ಸುಣ್ಣ ಹಚ್ಚುತ್ತಾ "ಎಂಥಾ ಚೊಲೋ ಮಂದಿ" ಎಂದಳು. ಊಟವಾದ ಮೇಲೆ ಎಲೆ ಹಾಕಿಕೊಳ್ಳುವುದು ನನಗೆ ಪ್ರಾಣ. ಆ ವಾರ ಹಲ್ಲುನೋವು ಎಂದು ಸುಳ್ಳು ಹೇಳಿದೆ.

ಎರಡು ವರ್ಷದ ಮೇಲೆ ದಿಲ್ಲಿಯ ಚುನಾವಣೆ ಬಂತು. ಆಗ ನನ್ನನ್ನು ಬಂಕಾಪುರದ ಮತಗಟ್ಟೆಗೆ ಹಾಕಿದ್ದರು. ಅವಳು ವಿಷಮಜ್ವರದಿಂದ ಮಲಗಿದ್ದಳಂತೆ, ಬರಲಿಲ್ಲವಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಒಬ್ಬ ಹೆಣ್ಣುಮಗಳ ಜ್ವರದ ಸುದ್ದಿ ಕೇಳಿ ಸಮಾಧಾನಪಡುವ ಮಟ್ಟಕ್ಕೆ ನಾನು ಇಳಿದಿದ್ದೆ.

ಅದರ ಮುಂದಿನ ಬೇಸಿಗೆಯಲ್ಲಿ ಯಾದಿ ತಿದ್ದುವ ಕೆಲಸ ಶಿಕ್ಷಕರ ತಲೆಗೆ ಬಂತು. ಮನೆಮನೆಗೆ ಹೋಗಿ ಯಾರಿದ್ದಾರೆ, ಯಾರಿಲ್ಲ ಎಂದು ಬರೆದುಕೊಳ್ಳಬೇಕು. ನಮ್ಮ ಓಣಿ ನನ್ನ ಪಾಲಿಗೇ ಬಂತು. ಪಕ್ಕದ ಮನೆಯ ಯಜಮಾನರು ಕಟ್ಟೆಯ ಮೇಲೆ ಎಲೆ ಜೋಡಿಸುತ್ತಾ "ಏನ ಬದಲಿಲ್ರಿ ಅಕ್ಕೋರ, ಇದ್ದದ್ದ ಇರ್ಲಿ" ಎಂದರು. ಏಳಬೇಕೆನ್ನುವಾಗ ಬಾಗಿಲ ಹಿಂದಿನಿಂದ ಆ ಹುಡುಗಿಯ ದನಿ ಬಂತು. ಆಗ ಅವಳ ಕಂಕುಳಲ್ಲಿ ಒಂದು ಕೂಸಿತ್ತು.

"ನನ್ನ ಹೆಸರಿಲೆ ಬರೀರಿ ಅಕ್ಕೋರ. ಮೊದಲಿನವರ ಹೆಸರಿಲೆ ನಾ ಇನ್ನೊಮ್ಮೆ ಓಟಿಗೆ ಹೋಗಾಕಿ ಅಲ್ಲ."

ಯಜಮಾನರು ತಲೆ ಎತ್ತಿ ನೋಡಿದರು, ಮತ್ತೆ ಎಲೆ ಜೋಡಿಸತೊಡಗಿದರು. ನಾನು ಅವಳ ಹೆಸರು ಬರೆದುಕೊಂಡೆ. ಬರೆದಾಗ ಮನಸ್ಸಿಗೆ ಸಂತೋಷವಾಯಿತು, ಒಂದು ತಪ್ಪನ್ನಾದರೂ ಸರಿಪಡಿಸಿದೆ ಎಂದು. ಆದರೆ ಅದರ ಮೇಲಿದ್ದ ಮೊದಲ ಹೆಂಡತಿಯ ಹೆಸರು? ಆ ಮನೆಯಲ್ಲಿ ವಾಸವಿಲ್ಲದವರ ಹೆಸರು ಹೊಡೆಯಬೇಕು ಎಂಬುದು ನಿಯಮ. ಈ ಸಲ ನಾನು ನಿಯಮ ಮುರಿಯಲಿಲ್ಲ. ಅಳತೆಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ, ನೇರವಾಗಿ ಗೆರೆ ಎಳೆದೆ.

ಹಾಗೆ ಬಿಡಬಾರದೆಂದು ಹುಲಗೂರಿನಲ್ಲಿ ಯಾದಿ ಮಾಡುತ್ತಿದ್ದ ಮಾಸ್ತರರಿಗೆ ಕಾರ್ಡು ಬರೆದೆ, ಅಣ್ಣನ ಮನೆಯಲ್ಲಿ ಇವಳ ಹೆಸರು ಸೇರಿಸಿಕೊಳ್ಳಿರಿ ಎಂದು. ಹದಿನೈದು ದಿನದಲ್ಲಿ ಉತ್ತರ ಬಂತು. ಅಣ್ಣ ಒಪ್ಪಲಿಲ್ಲ. ಕೊಟ್ಟ ಹೆಣ್ಣುಮಗಳ ಹೆಸರು ತವರುಮನೆಯ ಯಾದಿಗೆ ಬಂದರೆ ನಾಳೆ ಹೊಲದಲ್ಲಿ ಪಾಲು ಕೇಳಲು ಅದೇ ಕಾಗದವಾಗುತ್ತದೆ, ಅವಳ ಮನೆ ಸವಣೂರಿನಲ್ಲಿದೆ, ಅಲ್ಲಿಯೇ ಇರಲಿ ಎಂದನಂತೆ. ನಾನು ಒಂದು ಬಸ್ಸು ಹತ್ತಿ ಹೋಗಿ ಅವಳನ್ನೇ ಕಂಡು ಹೇಳಬಹುದಿತ್ತು. ನೀನೇ ಹೋಗಿ ಅರ್ಜಿ ಕೊಡು, ನಾನು ಬರೆದುಕೊಡುತ್ತೇನೆ ಎನ್ನಬಹುದಿತ್ತು. ಹೋಗಲಿಲ್ಲ. ಹೋದರೆ ಮೊದಲಿನಿಂದ ಎಲ್ಲ ಹೇಳಬೇಕಾಗುತ್ತಿತ್ತು. ಪರೀಕ್ಷೆ ಮುಗಿಯಲಿ, ಅವ್ವನ ಕಾಲು ಸುಧಾರಿಸಲಿ, ಮಳೆ ನಿಲ್ಲಲಿ ಎಂದು ದಿನ ದೂಡಿದೆ. ಯಾದಿ ಅಚ್ಚಾಗಿ ಬಂತು.

ಮೊದಲಿನದಾದ ಐದು ವರ್ಷಕ್ಕೆ ಮತ್ತೆ ವಿಧಾನಸಭೆಯ ಚುನಾವಣೆ. ಅದೇ ಶಾಲೆ, ಅದೇ ಹೆಂಗಸರ ಮತಗಟ್ಟೆ, ಅದೇ ಶಾಯಿಯ ಕೆಲಸ. ಜನವರಿಯ ಚಳಿ. ಪೆಟ್ಟಿಗೆಗೆ ಅರಗು ಹಾಕಿ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಸಾಲು ಕಟ್ಟಿತ್ತು. ಎಲ್ಲರಿಗಿಂತ ಮುಂದೆ, ಹೊಸ್ತಿಲಿಗೆ ಕಾಲು ತಾಗಿಸಿಕೊಂಡು, ಚಾದರ ಹೊದ್ದು ಅವಳು ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಈ ಸಲಾ ಮೊದಲನೇ ಬಸ್ಸಿಗೆ ಬಂದೇನ್ರಿ ಅಕ್ಕೋರ," ಎಂದಳು. "ನಾ ಬಂದಾಗ ಇಲ್ಲಿ ಒಂದು ನರಪಿಳ್ಳೆ ಇರಲಿಲ್ಲ."

ಅವಳು ಒಳಗೆ ಬಂದು ಹೊಸ ಮಾಸ್ತರನ ಮುಂದೆ ನಿಂತು ಹಳೆಯ ನಂಬರು ಹೇಳಿದಳು. ಐದು ವರ್ಷ ಅದನ್ನು ಮರೆತಿರಲಿಲ್ಲ. ಆ ನಂಬರಿನಲ್ಲಿ ಬೇರೆ ಯಾರದೋ ಹೆಸರಿತ್ತು. ಅವಳು ತನ್ನ ಹೆಸರು ಹೇಳಿದಳು. ಕೇಳುವ ಮೊದಲೇ ಗಂಡನ ಹೆಸರನ್ನೂ ಹೇಳಿದಳು. ಹುಡುಗ ಮಾಸ್ತರ ಚುರುಕಾಗಿದ್ದ, ಮೇಲಿಂದ ಕೆಳಗೆ ಬೆರಳಾಡಿಸಿದ. "ಅವರ ಹೆಂಡತಿ ಅಂತ ಬ್ಯಾರೆ ಹೆಸರು ಐತ್ರಿ. ನಿಮ್ಮ ಹೆಸರು ಇಲ್ಲ," ಎಂದ.

ಅವಳು ನನ್ನ ಕಡೆ ತಿರುಗಿದಳು. ಅವಳ ಹಿಂದೆ ಇಡೀ ಸಾಲು ನಿಂತಿತ್ತು, ಒಬ್ಬರ ಬೆರಳಿಗೂ ಇನ್ನೂ ಶಾಯಿ ಬಿದ್ದಿರಲಿಲ್ಲ.

"ಈ ಸಲಾನೂ ತಡಾ ಆತೇನ್ರಿ ಅಕ್ಕೋರ?"

"ಇಲ್ಲವಾ," ಎಂದೆ. ದನಿ ನನ್ನದೇ ಎಂದು ನನಗೆ ಅನ್ನಿಸಲಿಲ್ಲ. "ನೀ ತಡಾ ಮಾಡಿಲ್ಲ. ಆವತ್ತೂ ತಡಾ ಮಾಡಿರಲಿಲ್ಲ. ಆವತ್ತ ನಿನ್ನ ನಂಬರಿಗೆ ಬಂದಾಕಿ ಕೈಗೆ ಶಾಯಿ ಹಚ್ಚಿದಾಕಿ ನಾನ. ಗೊತ್ತಿದ್ದ ಹಚ್ಚಿದೆ. ಈ ಯಾದ್ಯಾಗ ನಿನ್ನ ಹೆಸರು ಹೊಡದಾಕೀನೂ ನಾನ."

ಅವಳು ಚಾದರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ನಾನು ಬೈಗಳಕ್ಕೆ ಕಾದೆ.

"ಆವತ್ತ ಹೇಳಿದ್ರ ಆಗ್ತಿತ್ತಲ್ರಿ," ಎಂದಳು. "ಐದು ವರ್ಷ ನನ್ನ ನಾನ ಬೈಕೊಂಡೇನಿ."

ಆಮೇಲೆ ಹಿಂದಿದ್ದ ಮುದುಕಿಗೆ ದಾರಿ ಬಿಟ್ಟು, ಬಂದ ಬಾಗಿಲಿನಿಂದಲೇ ಹೊರಗೆ ಹೋದಳು.